ನೀಲವ್ವನ ಗೋಡೆ

ಹೊಳೆದಂಡೆಯ ಹಳೇ ಮಠ ಕೊಡುವುದು, ಬದಲಿಗೆ ಶೇಂಗಾ ವ್ಯಾಪಾರಿ ತೋಟಪ್ಪ ಸಾವ್ಕಾರರ ದಿಬ್ಬದ ಮೇಲಿನ ಕಲ್ಲುಮನೆ ತಗೊಳ್ಳುವುದು. ಯಾರೂ ಕೈಯಿಂದ ಹೆಚ್ಚಿಗೆ ದುಡ್ಡು ಹಾಕುವಂತಿಲ್ಲ. ಹೊತ್ತು ಮುಳುಗುವುದರೊಳಗೆ ಮಠ ಖಾಲಿ ಆಗಬೇಕು. ಮುಳುಗಿದ ಮೇಲೆ ಒಳಗೆ ಏನು ಉಳಿದಿದ್ದರೂ ಅದು ಸಾವ್ಕಾರರದು.

ವ್ಯವಹಾರ ಇಷ್ಟೇ. ಕುದುರಿಸಿದವನು ಮಠದ ಶಿಷ್ಯ ಕೊಟ್ರಯ್ಯ.

ಒಳ್ಳೇ ವ್ಯವಹಾರವೇ. ಮಳೆಗಾಲಕ್ಕೊಮ್ಮೆ ಹೊಳೆ ಒಳಗೆ ಬಂದು ಮಠದ ಜೋಳದ ಚೀಲ ತೋಯಿಸಿ ಹೋಗುತ್ತಿತ್ತು. ಸಾವ್ಕಾರರಿಗೆ ಹರಿಗೋಲು ಬಂದು ನಿಲ್ಲುವ ಆ ಜಾಗವೇ ಬೇಕಿತ್ತು; ಮಠ ಕೆಡವಿ ಎತ್ತರಕ್ಕೆ ಗೋದಾಮು ಕಟ್ಟುವವರಿದ್ದರು. ಇಬ್ಬರ ಗರಜು ಕೂಡಿದ ಕಡೆ ಚೌಕಾಸಿ ಹೆಚ್ಚು ಹೊತ್ತು ನಡೆಯುವುದಿಲ್ಲ.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಒಂದೇ ಮಾತು ಹೇಳಿದ್ದರು.

"ಸಾಗಸೋದು ಎಲ್ಲಾ ನಿಂದ, ಕೊಟ್ರಯ್ಯಾ."

ಕೊಟ್ರಯ್ಯ ಬೆಳಗಿನಿಂದ ಕೂತಿರಲಿಲ್ಲ. ಯಾವ ಪಾತ್ರೆ ಯಾವ ಚಕ್ಕಡಿಗೆ, ಮೇಲೆ ಹೋದಮೇಲೆ ಯಾವುದು ಯಾವ ಕೋಣೆಗೆ, ಎಲ್ಲ ಅವನ ತಲೆಯಲ್ಲಿತ್ತು. ಒಂದೊಂದು ಕೊಡವನ್ನೂ ಬೆರಳಿನಿಂದ ತಟ್ಟಿ ನೋಡುತ್ತಿದ್ದ. ಸದ್ದು ಸರಿಯಿದ್ದರೆ ಚಕ್ಕಡಿಗೆ, ಬಿರುಕಿದ್ದರೆ ಅಂಗಳಕ್ಕೆ. ಚಕ್ಕಡಿ ತುಂಬಿದಾಗೆಲ್ಲ ತಾನೂ ದಿಬ್ಬ ಹತ್ತಿ, ಆಳುಗಳ ಕೈಲಿ ಸಾಮಾನು ಇಡಿಸಿ ಬರುತ್ತಿದ್ದ.

"ಮನಿ ಬಿಡುವಾಗ ಹಳೇದು ಬಿಡಬೇಕ್ರಿ ಅಜ್ಜಾರ," ಎಂದ ಕೊಟ್ರಯ್ಯ. "ಇಲ್ಲಾಂದ್ರ ಹಳೇ ಕಸಕ್ಕ ಹೊಸಾ ಗೋಡಿ ಕಟ್ಟಿಸಿದಂಗ."

"ಖರೆ," ಎಂದರು ಅಜ್ಜಾರು.

ಹರಿದ ಕಂಬಳಿ, ಬಾಯಿ ಮುರಿದ ಹೂಜಿ, ಯಾರೋ ಭಕ್ತರು ಕೊಟ್ಟ ನಡೆಯದ ಗಡಿಯಾರ, ಎಲ್ಲ ಅಂಗಳಕ್ಕೆ ಬಿತ್ತು. ಅಜ್ಜಾರು ತಡೆಯಲಿಲ್ಲ. ತಡೆಯುವಂಥದ್ದೂ ಅಲ್ಲ ಅದು.

ಮಧ್ಯಾಹ್ನದ ಹೊತ್ತಿಗೆ ಒಳಗೆ ಉಳಿದದ್ದು ಅಡುಗೆಮನೆಯ ಒಂದಿಷ್ಟು ಸಾಮಾನು, ಅಜ್ಜಾರ ತೇಗದ ಮಂಚ, ಮತ್ತು ಮೂಲೆಯಲ್ಲಿ ಚಾಪೆಯ ಮೇಲೆ ಕೂತ ನೀಲವ್ವ.

ನೀಲವ್ವನಿಗೆ ಕಣ್ಣಿರಲಿಲ್ಲ. ಜ್ವರದಲ್ಲಿ ಕಣ್ಣು ಕಳೆದುಕೊಂಡು, ಹರಿಗೋಲು ಹತ್ತಿ ಬಂದು, ಒಂದು ದಿನದ ಊಟಕ್ಕೆಂದು ಕೂತವಳು ಮಠದಲ್ಲೇ ಮುದುಕಿಯಾಗಿದ್ದಳು.

"ಇಕಿನ್ನ ಯಾವ ಚಕ್ಕಡಿಗೆ ಹಾಕಿದಿ?" ಅಜ್ಜಾರು ಕೇಳಿದರು.

"ಇಕಿ ಮ್ಯಾಲೆ ಬರಾಂಗಿಲ್ರಿ. ಆಚಿ ದಂಡಿಗೆ ಇಕಿ ತಮ್ಮನ ಮಗ ಅದಾನ. ಬಂದು ಕರಕೊಂಡು ಹೋಗಂತ ಹೇಳಿ ಕಳಿಸೀನಿ."

ನೀಲವ್ವ ತಲೆಯೆತ್ತಿದಳು.

"ಯಾಕೋ ಕೊಟ್ರ್ಯಾ! ಒಡಕ ಕೊಡಾ ಸುದ್ದಾ ತಟ್ಟಿ ನೋಡಿ ಹೊರಗ ಒಗದಿ. ನನ್ನ ತಟ್ಟೂ ನೋಡಲಿಲ್ಲ?"

"ಯವ್ವಾ, ನಿನ್ನ ಒಳ್ಳೇದಕ್ಕ ಮಾಡೀನಿ. ಆ ಮನಿ ದೊಡ್ಡದು. ಮೆಟ್ಟಲ ಅದಾವ, ಹಿತ್ತಲದಾಗ ಬಾವಿ ಐತಿ. ಎಲ್ಲೆರೆ ಬಿದ್ದಿ ಅಂದ್ರ?"

"ಇಲ್ಲಿ ಬಿದ್ದೀನೇನು ಒಂದ ದಿನ?"

ಬಿದ್ದಿರಲಿಲ್ಲ. ಗೋಡೆಯ ಮೇಲೆ ಕೈ ಇಟ್ಟರೆ ಸಾಕು, ಹಳೇ ಮಠವೆಲ್ಲ ಅವಳಿಗೆ ದಾರಿ. ಚಾಪೆಯಿಂದ ಒಲೆಗೆ, ಒಲೆಯಿಂದ ನೀರಿನ ಹರವಿಗೆ, ಅಲ್ಲಿಂದ ಹಿತ್ತಲಿಗೆ, ಯಾರನ್ನೂ ಕೂಗದೆ ಹೋಗಿ ಬರುತ್ತಿದ್ದಳು.

"ತಮ್ಮನ ಮಗನ ಮನ್ಯಾಗ ಎದ್ದು ಹಿತ್ತಲಕ್ಕ ಹೋಗ್ಬೇಕಂದ್ರೂ ಅವನ ಹೇಣ್ತಿನ್ನ ಕರೀಬೇಕು," ಎಂದಳು. "ಅಕಿ ಮನಸ್ಸಾದ್ರ ಬರ್ತಾಳ. ಇಲ್ಲಾಂದ್ರ ಗೂಟಕ್ಕ ಕಟ್ಟಿದ ಆಕಳ ಕರದಂಗ ಕುಂದರಬೇಕು. ಅಜ್ಜಾರ, ನಿಮ್ಮ ಶಿಷ್ಯಾಗ ನಾಚಿಕಿ ಐತಿ ಏನ್ರಿ?"

"ನೀ ಹೋಗ್ತೀಯೇನು?" ಅಜ್ಜಾರು ಅವಳನ್ನೇ ಕೇಳಿದರು.

"ಹೋಗಂಗಿಲ್ಲ."

"ಆತು. ಚಕ್ಕಡಿ ಹತ್ತಸು ಕೊಟ್ರಯ್ಯಾ."

ಕೊಟ್ರಯ್ಯನಿಗೂ ಸಿಟ್ಟು ಬಂತು. ದುಡಿದವನಿಗೆ ಬರುವ ಸಿಟ್ಟು.

"ಹತ್ತಿಸ್ತೀನಿ! ಹತ್ತಸೋದೇನು ದೊಡ್ಡದು? ಆದ್ರ ಅಲ್ಲಿ ದಿನಾ ಇಕಿ ಕೈ ಹಿಡದು ಅಡ್ಡಾಡ್ಸೋರು ಯಾರು? ಎಲ್ಲಾರೂ ಮಾತ ಹೇಳ್ತಾರ. ಮನಿ ಜೋಡಸಾಂವ ನಾ ಒಬ್ಬಾಂವ!"

ಅಜ್ಜಾರು ಅವನ ಹೆಗಲ ಮೇಲಿನ ವಸ್ತ್ರ ಎಳೆದುಕೊಂಡರು. ಅದನ್ನೇ ಅವನ ಕಣ್ಣಿಗೆ ಸುತ್ತಿ, ಹಿಂದೆ ಗಂಟು ಹಾಕಿದರು.

"ಅಜ್ಜಾರ! ಇದೇನ್ರಿ?"

"ಹೋಗು. ಹಿಂಗ ಜೋಡಸು."

"ಹೊತ್ತು ಇಳೀಲಿಕ್ಕತ್ತೈತಿ! ಇನ್ನೂ ಸಾಮಾನ ಅದಾವ. ನಿಮ್ಮ ಮಂಚ ಇಲ್ಲೇ ಐತಿ!"

"ಅದಕ್ಕ ಲಗೂನ ಹೋಗು."

ಚಕ್ಕಡಿ ಹೊಡೆಯುವವನು ನಕ್ಕ. "ಕಣ್ಣಾಮುಚ್ಚಾಲಿ ಆಡಾಕ ವಯಸ್ಸ ಮೀರೇತ್ರಿ ಮರಿಸ್ವಾಮೇರ."

"ಎತ್ತು ನೋಡಿ ಹೊಡಿಯಲೇ!" ಎಂದ ಕೊಟ್ರಯ್ಯ.

ಅಡುಗೆಮನೆಯ ಸಾಮಾನಿನ ನಡುವೆ ಅವನ ಪಕ್ಕದಲ್ಲೇ ನೀಲವ್ವ ಕೂತಿದ್ದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅಜ್ಜಾರು ಅವಳನ್ನು ಕಲ್ಲುಮನೆಯ ಕಟ್ಟೆಯ ಮೇಲೆ ಕೂರಿಸಿದರು. ಕೊಟ್ರಯ್ಯನನ್ನು ಬಾಗಿಲಿನವರೆಗೆ ತಂದು ಕೈಬಿಟ್ಟರು.

ಹೊಸ್ತಿಲು ಎಡವಿದ. ಮುಂದಿನ ಹೆಜ್ಜೆಗೆ ಮೊಳಕಾಲಿಗೆ ಟ್ರಂಕು ಬಡಿಯಿತು.

"ಯಾಂವಲೇ ಇಲ್ಲಿ ಟ್ರಂಕ್ ಇಟ್ಟಾಂವ?"

"ನೀನ," ಎಂದರು ಅಜ್ಜಾರು. "ಬಾಗಲಾ ಬಲಕ್ಕ ಇಡ್ರಿ ಅಂತ ಇಲ್ಲೇ ನಿಂತು ಒದರಿದ್ದಿ."

ಕೊಟ್ರಯ್ಯ ಹಲ್ಲು ಕಚ್ಚಿ ಗೋಡೆಗೆ ಕೈ ಚಾಚಿದ. ಸಿಕ್ಕಿದ್ದು ಜೋಳದ ಚೀಲ. ಸರಿದು ಮತ್ತೆ ಚಾಚಿದ. ಕೊಪ್ಪರಿಗೆ. ಮತ್ತೆ ಸರಿದ. ಒಂದರ ಮೇಲೊಂದು ಪೆಟ್ಟಿಗೆ. ಮೇಲಿನದು ಜಾರಿ ಅವನ ಕಾಲಮೇಲೆ ಬಿತ್ತು.

"ಇದೆಂಥಾ ಮನಿರೀ! ಗೋಡಿನ ಇಲ್ಲ!"

ಗೋಡೆ ಇತ್ತು. ಆದರೆ ಕೊಟ್ರಯ್ಯ ಗೋದಾಮು ಜೋಡಿಸಿದ ಹಾಗೆ ಜೋಡಿಸಿದ್ದ. ಸಾಮಾನೆಲ್ಲ ನಾಲ್ಕೂ ಗೋಡೆಗೆ ಆನಿಸಿ, ನಡುವೆ ಬಯಲು ಬಿಟ್ಟು. ವ್ಯಾಪಾರಸ್ಥ ಯಾರು ನೋಡಿದರೂ ಭಲೆ ಎನ್ನುವ ಜೋಡಣೆ. ನಡೆದಾಡಲು ಜಾಗ ಬೇಕಾದಷ್ಟು. ಕೈ ಇಡಲು ಜಾಗವಿಲ್ಲ.

ನಡುವಿನ ಬಯಲಿನಲ್ಲಿ ಕೊಟ್ರಯ್ಯ ನಿಂತುಬಿಟ್ಟ. ಬಾಗಿಲು ಯಾವ ಕಡೆ ಎಂಬುದೂ ಈಗ ಅವನಿಗೆ ತಿಳಿಯುತ್ತಿರಲಿಲ್ಲ.

"ಅಜ್ಜಾರ, ಕೈ ಹಿಡೀರಿ."

ಯಾವ ಕೈಯೂ ಬರಲಿಲ್ಲ.

"ಅಜ್ಜಾರ! ಅಲ್ಲೇ ಅದೀರಲ್ಲ?"

ಉತ್ತರ ಕಟ್ಟೆಯ ಮೇಲಿಂದ ಬಂತು. "ಅವರಿಗೆ ಮನಸ್ಸಾದ್ರ ಬರ್ತಾರಪಾ. ಒದರು, ಒದರು," ಎಂದಳು ನೀಲವ್ವ.

ಕೊಟ್ರಯ್ಯನ ಕಿವಿ ಕೆಂಪಾದವು. ಆಮೇಲೆ ಆಳುಗಳನ್ನು ಕೂಗಿದ.

"ಚೀಲ ಎಲ್ಲಾ ನಡಮನಿ ನಡುವ ತಂದು ಹಾಕ್ರಿ."

"ನಡುವ ಅಂದ್ರ ಛಂದ ಕಾಣಂಗಿಲ್ರಿ," ಎಂದ ಒಬ್ಬ.

"ನಿನಗ ಕಾಣಂಗಿಲ್ಲಲೇ! ಗೋಡಿ ಬಿಡಸ್ರಿ. ಸುತ್ತಲೂ ಒಂದು ಸಾಮಾನ ಇರಬಾರದು. ಏ, ಆ ಕೊಪ್ಪರಿಗಿನೂ ತಗೀ!"

ಅವನು ಗೋಡೆ ಹಿಡಿದ. ಹಿಡಿದೇ ಒಲೆಯ ಮುಂದೆ ಹೋದ. ಅಲ್ಲಿಂದ ಕೈ ಬಿಡದೆ ನೀರಿನ ಹರವಿಗೆ ಹೋಗಲು ಆಗಲಿಲ್ಲ. ಹರವಿ ಎದುರು ಮೂಲೆಗಿತ್ತು. ಈಚೆಗೆ ತರಿಸಿದ. ಹಿತ್ತಲ ಬಾಗಿಲು ದಾಟಿದಾಗ ಕಾಲ ಬೆರಳಿಗೆ ಬಾವಿಯ ಕಟ್ಟೆ ತಗುಲಿತು; ಹಿಂದಕ್ಕೆ ಜಿಗಿದ. ಕಟ್ಟಿಗೆಯ ರಾಶಿಯನ್ನೆಲ್ಲ ಬಾವಿಯ ದಾರಿಗೆ ಅಡ್ಡ ಒಟ್ಟಿಸಿದ. ಮತ್ತೆ ಬಾಗಿಲಿಗೆ ಬಂದು, ಮತ್ತೊಮ್ಮೆ ಮೊದಲಿಂದ ನಡೆದ. ಎಡವಿದ ಕಡೆಯೆಲ್ಲ ಬೈದು ಸರಿಪಡಿಸಿದ.

ಬಿಸಿಲು ಹೊಳೆಯ ಆಚೆಗೆ ಹೋಯಿತು.

ಬೀಗದ ಕೈ ಹಿಡಿದು ತೋಟಪ್ಪ ಸಾವ್ಕಾರರೇ ದಿಬ್ಬ ಹತ್ತಿ ಬಂದರು.

"ಹೊತ್ತು ಮುಳುಗಿತ್ರಿ ಅಜ್ಜಾರ. ಬೀಗ ಹಾಕಿ ಬಂದೀನಿ. ಒಳಗ ತೇಗದ ಮಂಚ ಉಳದೈತಿ."

ಕೊಟ್ರಯ್ಯ ಕಣ್ಣಿನ ವಸ್ತ್ರ ಕಿತ್ತೆಸೆದು ಓಡಿ ಬಂದ.

"ಸಾವ್ಕಾರ್ರ, ಅದು ಅಜ್ಜಾರು ಮಲಗೋ ಮಂಚ! ಒಂದ ಗಳಿಗಿ ಬೀಗ ತಗೀರಿ, ಈಗ ತರ್ತೀನಿ."

"ಮಾತ ಆಡುವಾಗ ಈ ಗಳಿಗಿ ಇರಲಿಲ್ಲಪಾ."

"ಮಠದ ಮಂಚ ತಗೊಂಡು ನಿಮಗ ನಿದ್ದಿ ಬರ್ತೈತಿ?"

"ಮಾತು ನಿಂದ. ಹೊತ್ತು ಮುಳುಗೋತನಕ ಅಂದಾಂವ ನೀನ. ನಿನ್ನ ಮಾತು ನಂಬಿ ನಾ ಮನಿ ಕೊಟ್ಟೀನಿ, ಈಗ ನನ್ನ ನಿದ್ದಿ ಕೇಳ್ತಿ?"

ಸಾವ್ಕಾರರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಕೊಟ್ರಯ್ಯನಿಗೆ ಇನ್ನೂ ಉರಿಯಿತು.

"ಒಯ್ಯಿರಿ ಸಾವ್ಕಾರ್ರ," ಎಂದರು ಅಜ್ಜಾರು. "ತಲಿಕಡೆ ಒಂದು ಕಾಲು ಅಲ್ಲಾಡ್ತೈತಿ. ಬೆಣಿ ಹೊಡಸ್ಕೋರಿ."

ಈ ಗದ್ದಲದಲ್ಲಿ ನೀಲವ್ವ ಕಟ್ಟೆಯಿಂದ ಎದ್ದದ್ದನ್ನು ಯಾರೂ ನೋಡಲಿಲ್ಲ.

ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲು ದಾಟಿದಳು. ಅಂಗೈ ಗೋಡೆಗೆ ಇಟ್ಟಳು. "ಥೂ, ಎಂಥಾ ಒರಟ ಕಲ್ಲು," ಎಂದಳು. ಒಂದೊಂದೇ ಹೆಜ್ಜೆ ಇಡುತ್ತ, ಕೊಟ್ರಯ್ಯನನ್ನು ಬೈಯುತ್ತ ಒಳಗೆ ಹೋದಳು. ಬೈಗುಳ ದೂರವಾಯಿತು, ಸ್ವಲ್ಪ ಹೊತ್ತು ನಿಂತಿತು, ಮತ್ತೆ ಹತ್ತಿರ ಬಂತು.

ಸಾವ್ಕಾರರು ದಿಬ್ಬ ಇಳಿದಿದ್ದರು. ಸೆರಗಿನಿಂದ ಬಾಯಿ ಒರೆಸಿಕೊಂಡು ನೀಲವ್ವ ಕಟ್ಟೆಯ ಮೇಲಿನ ತನ್ನ ಜಾಗಕ್ಕೆ ಬಂದು ಕೂತಳು. ಕೊಟ್ರಯ್ಯನತ್ತ ಮುಖ ಕೂಡ ತಿರುಗಿಸಲಿಲ್ಲ.

ಅಜ್ಜಾರು ನೆಲದ ಮೇಲೆ ಚಾಪೆ ಬಿಡಿಸತೊಡಗಿದರು. ಅದನ್ನು ನೋಡಿ ಕೊಟ್ರಯ್ಯನಿಗೆ ತಡೆಯಲಾಗಲಿಲ್ಲ.

"ತೇಗದ ಮಂಚ ಹೋತು. ನನ್ನ ಮೊಳಕಾಲು ಒಡೀತು. ಜೋಡಿಸಿದ್ದ ಮನಿ ಸಂತಿಯಾಗಿ ಬಿದ್ದೈತಿ, ನಡಮನ್ಯಾಗ ಜೋಳದ ರಾಶಿ! ಇಷ್ಟ ಮಾಡಿ ಇವತ್ತು ನಾವು ಗಳಿಸಿದ್ದೇನ್ರಿ ಅಜ್ಜಾರ? ಲೆಕ್ಕಾ ಹೇಳ್ರಿ!"

ಅಜ್ಜಾರು ಚಾಪೆಯ ಸುಕ್ಕು ಬಿಡಿಸಿದರು.

"ನೀಲವ್ವ ಒಬ್ಬಾಕಿನ ಹೋಗಿ ನೀರು ಕುಡದು ಬಂದ್ಲು."