ಅವರೆ ಬಳ್ಳಿಯ ಬೂದಿ

ಹಳ್ಳದ ದಂಡೆಯ ಆ ಪುಟ್ಟ ಮಠಕ್ಕೆ ಆಸ್ತಿಯೆಂದರೆ ಒಂದು ಬಾವಿ, ಒಂದು ಹಿತ್ತಿಲು. ಪೂಜ್ಯ ಅಡಿವೆಯ್ಯಜ್ಜನವರು ಬೆಳಗಿನ ಪೂಜೆಗೂ ಮುನ್ನ, ಇಬ್ಬನಿ ಆರುವುದರೊಳಗೆ, ಅವರೆ ಚಪ್ಪರಕ್ಕೆ ಮುತ್ತಿದ ಕಪ್ಪು ಹೇನುಗಳ ಮೇಲೆ ಸೆಗಣಿ ಕುಳ್ಳಿನ ಬೂದಿಯನ್ನು ಜರಡಿ ಹಿಡಿದು ಉದುರಿಸುತ್ತಿದ್ದರು. ಕೆಲವೇ ದಿನಗಳಲ್ಲಿ ಬಳ್ಳಿ ಮತ್ತೆ ಚಿಗುರುತ್ತಿತ್ತು. ಅಂಥ ಬೂದಿ ಊರಿನ ಒಲೆ ಒಲೆಯಲ್ಲೂ ಇತ್ತು. ಆದರೆ ನಮ್ಮ ಜನಕ್ಕೆ ಪವಾಡವೇ ಬೇಕು! ಅಜ್ಜನವರ ಕೈಯ ಬೂದಿಯೆಂದು ಬೇಡಿ ಒಯ್ದರು. ಮೊದಲು ಬದನೆಗೆ ಹಾಕಿದರು, ಆಮೇಲೆ ತಮ್ಮ ಹಣೆಗೂ ಹಚ್ಚಿಕೊಂಡರು. ಮಿತಭಾಷಿಗಳಾದ ಅಜ್ಜನವರು ನಕ್ಕು ಸುಮ್ಮನಾಗುತ್ತಿದ್ದರು.

ಹಾಲವ್ವನೂ ಹಾಗೆ ಒಯ್ದವಳೇ. ಅವಳ ಬಳ್ಳಿ ಚೇತರಿಸಿಕೊಂಡಿತ್ತು. ಆದ್ದರಿಂದ ಮಗಳು ಪಾರಿಗೆ ಜ್ವರ ಏರಿದಾಗ ಅವಳು ದವಾಖಾನೆಯ ದಾರಿ ಹಿಡಿಯಲಿಲ್ಲ. ಬೂದಿಯನ್ನು ಹಣೆಗೆ ಹಚ್ಚಿ, ನೀರಿನಲ್ಲಿ ಕಲಸಿ ಕುಡಿಸಿ, ದೇವರ ಮುಂದೆ ಕೂತಳು. ಕೂಸು ಉಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನವೇ ಓಣಿಯ ಹೆಂಗಸರು ಪಿಸುಗುಟ್ಟಿದರು, ಇವಳ ಭಕ್ತಿ ಸಾಲಲಿಲ್ಲ ಎಂದು. ಆ ಮಾತು ಹಾಲವ್ವನ ಎದೆಯಲ್ಲಿ ಮುಳ್ಳು ಮುರಿದಂತೆ ಕೂತುಬಿಟ್ಟಿತು. ಕೊಂದವಳೇ ತಾನಾದರೆ ಯಾವ ಮುಖ ಇಟ್ಟುಕೊಂಡು ಅಳುವುದು? ಅವಳು ಅಳಲೇ ಇಲ್ಲ.

ಮೋಡ ಕವಿದ ಒಂದು ಬೆಳಗ್ಗೆ ಅವಳು ಮಠದ ಹಿತ್ತಿಲಿಗೆ ಬಂದಳು. ಅಜ್ಜನವರು ಚಪ್ಪರದ ಕೆಳಗಿದ್ದರು.

"ಯಪ್ಪಾ, ನಿಮ್ಮ ಬೂದಿ ಬಳ್ಳಿ ಉಳಿಸ್ತು. ನನ್ನ ಕೂಸಿಗೂ ಅದನ್ನ ಕುಡಿಸಿದ್ದೆ. ಕೂಸನ್ಯಾಕ ಉಳಿಸ್ಲಿಲ್ಲ? ನನ್ನ ಭಕ್ತಿ ಎಲ್ಲಿ ಕಡಿಮಿ ಬಿತ್ತು, ಅದೊಂದು ಹೇಳ್ರಿ."

ಅಜ್ಜನವರ ಕೈಯ ಜರಡಿ ನಿಂತಿತು. ಕೂಸಿಗೆ ಬೂದಿ ಕುಡಿಸಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಜರಡಿ ಕೆಳಗಿಟ್ಟು ಹಸಿ ಮಣ್ಣಿನಲ್ಲೇ ಕೂತರು.

"ನಿನ್ನ ಭಕ್ತಿ ಕಡಿಮಿ ಬಿದ್ದಿಲ್ಲವ್ವಾ. ಇದು ಹೇನಿಗೆ ಹಾಕೋ ಬೂದಿ, ಜ್ವರಕ್ಕಲ್ಲ. ಮಂದಿ ಪವಾಡ ಅಂದಾಗ ನಾ ಅಲ್ಲ ಅನ್ನಲಿಲ್ಲ. ತಪ್ಪು ನಂದು."

ಇಷ್ಟು ಹೇಳಿ ಆ ಪೂಜ್ಯರು ಅವಳೆದುರು ತಲೆ ಬಾಗಿಸಿದರು. ಹಾಲವ್ವ ಆಗ ಅತ್ತಳು, ಬರಿಯ ಪಾರಿಗಾಗಿ ಅತ್ತಳು. ಅಂದು ಮಠದಲ್ಲಿ ಪೂಜೆಯ ಗಂಟೆ ಮೊಳಗಲಿಲ್ಲ; ಅಜ್ಜನವರು ಅವಳ ಬಳಿಯಿಂದ ಏಳಲೇ ಇಲ್ಲ.

ಮುಂದೆ ಹಾಲವ್ವ ಮಠದ ಸೇವೆಗೆ ನಿಂತಳು. ಜ್ವರದ ಕೂಸನ್ನು ಎತ್ತಿಕೊಂಡು ಯಾರಾದರೂ ಬೂದಿಗೆ ಕೈಯೊಡ್ಡಿದರೆ, ಅಜ್ಜನವರು ಬಾಯಿ ತೆರೆಯುವ ಮೊದಲೇ ಅವಳು ಎದ್ದು ಕೂಸನ್ನು ತನ್ನ ಕಂಕುಳಿಗೆ ತೆಗೆದುಕೊಳ್ಳುತ್ತಿದ್ದಳು. "ಇದು ಗಿಡದ ಬೂದಿ ರೀ. ನಡೀರಿ, ದವಾಖಾನಿಗೆ ನಾನೂ ಬರ್ತೀನಿ." ಹಾಗೆ ಹೋಗಿ, ಗುಣವಾದ ಕೂಸನ್ನು ತಾಯಿಯ ಕೈಗೆ ಒಪ್ಪಿಸಿ ಬಂದ ದಿನ, ಪಾರಿಯನ್ನೂ ಹೀಗೇ ಒಯ್ದಿದ್ದರೆ ಎಂದು ನೆನೆದು, ಹಾಲವ್ವ ಊಟ ಮಾಡುತ್ತಿರಲಿಲ್ಲವಂತೆ. ಅಜ್ಜನವರೂ ಮಾಡುತ್ತಿರಲಿಲ್ಲ.