ಬೆರಳಿಗೆ ಹಗುರಾದ ಪೆಡಲು

ಶಿಷ್ಯ ಕೇಳಿದ: "ಗುರುಗಳೇ, ಮಠಕ್ಕೆ ಬಂದ ಹೊಸದರಲ್ಲಿ ನನ್ನ ಮನಸ್ಸು ಎಲ್ಲದಕ್ಕೂ ಅಂಟಿಕೊಳ್ಳುತ್ತಿತ್ತು. ಈಗ ಯಾವುದಕ್ಕೂ ಅಂಟುವುದಿಲ್ಲ. ಯಾರ ನೆನಪೂ ಎಳೆಯುವುದಿಲ್ಲ. ಬಿಡುಗಡೆ ಎಂದರೆ ಇದೇ ಅಲ್ಲವೇ?"

ಗುರುಗಳು ಹೇಳಿದರು:

ಒಂದು ಗುಡ್ಡದ ಬುಡದಲ್ಲಿ ಒಬ್ಬ ದರ್ಜಿಯಿದ್ದ. ಅವನ ತಂಗಿ ನರ್ಸು. ಗುಡ್ಡದ ಮೇಲಿನ ಹಳ್ಳಿಗಳಿಗೆ ಗೇರ್ ಸೈಕಲ್ಲಿನಲ್ಲಿ ಹತ್ತಿ ಹೋಗಿ ಚುಚ್ಚುಮದ್ದು ಕೊಟ್ಟು ಬರುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಸೈಕಲ್ಲಿನ ಪೆಡಲು ಕರಕರ ಎನ್ನತೊಡಗಿತು. ಪೇಟೆಗೆ ಒಯ್ದರೆ ತಂಗಿಯ ಕೆಲಸ ನಿಲ್ಲುತ್ತದೆ. ದರ್ಜಿ ಮನೆಯಲ್ಲೇ ಅದನ್ನು ಬಿಚ್ಚಿದ. ಒಳಗಿದ್ದ ಸಣ್ಣ ಉಕ್ಕಿನ ಗೋಲಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯ ಚೂರಿನ ಮೇಲೆ ಆರಹಾಕಿದ. ಹೊಸ ಗ್ರೀಸು ತುಂಬಿ ಜೋಡಿಸಿದ. ಬೆರಳಿನಿಂದ ತಿರುಗಿಸಿದರೆ ಪೆಡಲು ಒಂದೆರಡು ಸುತ್ತಿಗೇ ನಿಂತಿತು. ಅವನಿಗೆ ಸಮಾಧಾನವಾಗಲಿಲ್ಲ. ಅವನ ಹೊಲಿಗೆ ಯಂತ್ರಕ್ಕೆ ತೆಳು ಎಣ್ಣೆ ಬಿಟ್ಟರೆ ಸಾಕು, ಚಕ್ರ ತಡೆಯಿಲ್ಲದೆ ಓಡುತ್ತಿತ್ತು. ಅವನು ಪೆಡಲನ್ನು ಮತ್ತೆ ಬಿಚ್ಚಿದ. ಗ್ರೀಸನ್ನೆಲ್ಲ ತೊಳೆದು ತೆಗೆದು, ಯಂತ್ರದ ಎಣ್ಣೆಯನ್ನೇ ಬಿಟ್ಟು ಜೋಡಿಸಿದ.

ತಂಗಿಯನ್ನು ಕರೆದ. "ಬಾರೇ ಇಲ್ಲಿ, ನೋಡು. ಬೆರಳು ತಾಗಿದರೆ ಸಾಕು, ಫ್ಯಾನು ತಿರುಗಿದ ಹಾಗೆ ತಿರುಗುತ್ತೆ."

ತಂಗಿ ನಕ್ಕಳು. "ಫ್ಯಾನಿನ ಮೇಲೆ ಯಾರೂ ಎದ್ದು ನಿಲ್ಲಲ್ಲ ಅಣ್ಣಾ. ಗ್ರೀಸು ಬೇಡ್ವಾ?"

"ಅಂಟಂಟು ಕಣೇ ಅದು. ನಿನ್ನ ಕಾಲಿಗೆ ಭಾರವಾಗುತ್ತೆ ಅಂತಲೇ ತೆಗೆದೆ."

ತನ್ನ ಕಾಲಿನ ಚಿಂತೆ ಅಣ್ಣನಿಗಿದೆ ಎಂದು ಅವಳಿಗೆ ಸಂತೋಷವಾಯಿತು. ಮತ್ತೆ ಕೇಳಲಿಲ್ಲ.

ತೆಳು ಎಣ್ಣೆ ಬೇಗ ಇಳಿದುಹೋಯಿತು. ಒಣಗಿದ ಗೋಲಿಗಳ ಮೇಲೆ ದಿನವೂ ಅವಳ ಮೈಭಾರ ಬಿತ್ತು. ಉಕ್ಕು ಉಕ್ಕನ್ನು ತಿಂದಿತು. ಮತ್ತೆ ಸದ್ದು ಬಂದಾಗ ದರ್ಜಿ ಇನ್ನಷ್ಟು ಎಣ್ಣೆ ಬಿಟ್ಟು ಬೆರಳಿನಿಂದ ತಿರುಗಿಸಿದ. ತಿರುಗಿತು. ಅಷ್ಟೇ ಸಾಕೆಂದುಕೊಂಡ.

ಒಂದು ಸಂಜೆ, ಇಳಿಜಾರಿನ ತಿರುವಿನಲ್ಲಿ ಅವಳು ಪೆಡಲಿನ ಮೇಲೆ ಎದ್ದು ನಿಂತಳು. ಪೆಡಲು ಕಳಚಿಕೊಂಡಿತು. ಅವಳಿಂದ ಚುಚ್ಚುಮದ್ದು ಹಾಕಿಸಿಕೊಂಡವರೇ ಕಂದಕಕ್ಕಿಳಿದು ಹೆಣ ಹೊತ್ತು ತಂದರು.

ಎಲ್ಲ ಮುಗಿದ ಮೇಲೆ ದರ್ಜಿ ಆ ಪೆಡಲನ್ನು ಕೈಗೆತ್ತಿಕೊಂಡ. ಗೋಲಿಗಳಿದ್ದ ಜಾಗದಲ್ಲಿ ಕಪ್ಪು ಪುಡಿಯಿತ್ತು. "ಅವಳ ಹಣೆಬರಹ ಕಣಪ್ಪಾ," ಎಂದರು ನೆರೆಯವರು. ಅವನು ಆ ಪುಡಿಯನ್ನು ಬೆರಳ ತುದಿಗೆ ತೆಗೆದುಕೊಂಡು ನೋಡಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಲೆಯಾಡಿಸಿದ. "ಎಂಥ ದಡ್ಡ! ಭಾರ ಹೊರಬೇಕಾದದ್ದನ್ನು ಬರಿ ಬೆರಳಲ್ಲಿ ತಿರುಗಿಸಿ ನೋಡಿದನಲ್ಲ."

ಗುರುಗಳು ಕೇಳಿದರು: "ನಿನ್ನ ಮೇಲೆ ಭಾರ ಬಿಟ್ಟು ನಿಂತಿದ್ದವರು ಈಗ ಎಲ್ಲಿದ್ದಾರೆ, ಮಗೂ?"