ಮಹಬಾನು ಎರಕ ಹೊಯ್ದ ಸಿಂಹದೀಪ

ಕಾಲು ಚಾಚಿ ಮಲಕ್ಕೊ ಕಂದ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಯೂ ಇನ್ನೂ ಹುಟ್ಟಿರದ ಕಾಲದಲ್ಲಿ, ಮರಳುಗಾಡಿನ ಆಚೆ ಹೆರಾತ್ ಅನ್ನೋ ಪಟ್ಟಣದಲ್ಲಿ ಯಾಕೂಬ ಅಂತ ಒಬ್ಬ ಕಂಚುಗಾರ ಇದ್ನಂತೆ. ಅವನಿಗೆ ಮಹಬಾನು ಅಂತ ಒಬ್ಬಳೇ ಮಗಳು. ಹಕ್ಕಿ, ಜಿಂಕೆ, ಸಿಂಹದ ಹಾಗೆ ಎಣ್ಣೆದೀಪ ಎರಕ ಹೊಯ್ಯೋದು ಅವನ ಕಸುಬು. ಬೆನ್ನಲ್ಲಿ ಎಣ್ಣೆ ತುಂಬೋದು, ಬಾಯಲ್ಲಿ ಬತ್ತಿ ಉರಿಯೋದು.

ಒಂದ್ಸಲ ದೊರೆಯ ತಾಯಿ, ಹಬ್ಬಕ್ಕೆ ಸಿಂಹದ ದೀಪ ಬೇಕು ಅಂತ ಹೇಳಿಕಳಿಸಿದಳಂತೆ. ಅಷ್ಟರಲ್ಲೇ ಕಾದ ಕಂಚು ಚೆಲ್ಲಿ ಯಾಕೂಬನ ಎರಡೂ ಕೈ ಸುಟ್ಟುಹೋದವಂತೆ. ಆಮೇಲೆ ಕಂಚುಗಾರರ ಯಜಮಾನ ಬಂದು, ಹಬ್ಬದೊಳಗೆ ದೀಪ ಆಗ್ಲಿಲ್ಲ ಅಂದ್ರೆ ನಿನ್ನ ಕುಲುಮೆ ಬೇರೆಯವರಿಗೆ ಕೊಡ್ತೀನಿ ಅಂದನಂತೆ. ನಾನು ಮಾಡ್ತೀನಿ ಚಾಚಾ ಅಂದಳಂತೆ ಮಹಬಾನು. ಹೆಣ್ಣುಮಗಳು ಎರಕ ಹೊಯ್ಯೋದನ್ನ ಯಾರು ಕಂಡಿದಾರಮ್ಮ ಅಂತ ಅವನು ನಕ್ಕುಬಿಟ್ಟನಂತೆ.

ಆದ್ರೂ ಅವಳು ಬಿಡದೆ ಮಣ್ಣಿನ ಮುದ್ದೆ ಮೇಲೆ ಮೇಣದ ಸಿಂಹ ತಿದ್ದಿ, ಅದರ ಮೇಲೆ ಮತ್ತೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಜಾಗಕ್ಕೆ ಕಂಚು ಹೊಯ್ದಳಂತೆ. ಮಣ್ಣಿನ ಹಸಿ ಆರಿರಲಿಲ್ಲ, ಅಚ್ಚು ಪಟಾರ್ ಅಂತ ಸಿಡೀತು. ಆಮೇಲೆ ಇನ್ನೊಂದು ಮಾಡಿ ವಾರ ಪೂರ್ತಿ ಒಣಗಿಸಿ ಹೊಯ್ದಳಂತೆ. ಒಡೆದು ನೋಡಿದ್ರೆ ಸಿಂಹಕ್ಕೆ ಬಾಲ ಇಲ್ಲ, ಒಂದು ಕಾಲೂ ಇಲ್ಲ!

ಅಪ್ಪನ ಕಣ್ಣಲ್ಲಿ ನೀರು. ಬಿಡು ಮಗಳೇ, ಕುಲುಮೆ ಹೋದ್ರೆ ಹೋಗ್ಲಿ ಅಂದನಂತೆ. ಅಳಬೇಡಿ ಅಬ್ಬಾಜಾನ್, ಕಂಚು ಯಾಕೆ ಕಾಲಿನವರೆಗೂ ಇಳೀಲಿಲ್ಲ, ಅದನ್ನ ಹೇಳಿ ಅಂದಳಂತೆ ಇವಳು. ಒಳಗಿನ ಗಾಳಿ ಹೋಗೋಕೆ ದಾರಿ ಬಿಟ್ಟಿದ್ಯೇನೇ ಅಂತ ಅವನು ಕೇಳಿದನಂತೆ. ಎಲ್ಲಿ ಬಿಟ್ಟಿದ್ದಳು!

ಆಮೇಲೆ ಮೂರನೇ ಸಲ ಅಚ್ಚಿನಲ್ಲಿ ಕಾಲಿಗೊಂದು, ಬಾಲಕ್ಕೊಂದು ಸಣ್ಣ ತೂತು ಬಿಟ್ಟು, ಅಪ್ಪ ಹೂಂ ಅನ್ನೋವರೆಗೂ ಕಂಚು ಕಾಯಿಸಿ, ಉಸಿರು ಬಿಗಿಹಿಡಿದು ಹೊಯ್ದಳಂತೆ. ಮಾರನೇ ದಿನ ಅಚ್ಚು ಒಡೆದು ಒಳಗಿನ ಮಣ್ಣು ಕೆರೆದು ತೆಗೆದ್ರೆ, ಸಿಂಹ ನಾಲ್ಕೂ ಕಾಲೂರಿ ನಿಂತಿತ್ತಂತೆ.

ಹಬ್ಬದ ದಿನ ಎಲ್ಲರೆದುರಿಗೆ ಯಜಮಾನ ಎಣ್ಣೆ ತುಂಬಿ, ಸಿಂಹದ ಹೊಟ್ಟೆ ಕೆಳಗೆ ಅಂಗೈ ಹಿಡಿದು ಕಾದನಂತೆ, ಸೋರಿಯೇ ಸೋರುತ್ತೆ ಅಂತ. ಕಾದ, ಕಾದ. ಒಂದು ತೊಟ್ಟೂ ಬೀಳಲಿಲ್ಲ. ಬತ್ತಿ ಹಚ್ಚಿದಾಗ ಉರಿ ನೆಟ್ಟಗೆ ನಿಂತಿತಂತೆ. ಇದರ ಮೇಲೆ ಯಾರ ಹೆಸರು ಕೊರೀಬೇಕಪ್ಪ ಅಂತ ದೊರೆಯ ತಾಯಿ ಕೇಳಿದಳಂತೆ. ಯಾಕೂಬನದು ಅಂತ ಯಜಮಾನ ಅನ್ನೋಕೆ ಹೋದ, ಯಾಕೂಬ ಅವನನ್ನ ತಡೆದು, ನಾನು ಮುಟ್ಟೇ ಇಲ್ಲ ತಾಯಿ, ಇದು ನನ್ನ ಮಗಳದು ಅಂದುಬಿಟ್ಟನಂತೆ.

ಆಮೇಲೆ ಮಹಬಾನು ಉಳಿ ತಗೊಂಡು, ಯಾಕೂಬನ ಮಗಳು ಮಹಬಾನು ಮಾಡಿದ್ದು ಅಂತ ತನ್ನ ಕೈಯಾರೆ ಕೊರೆದಳಂತೆ. ಕುಲುಮೆ ಅವಳದೇ ಆಯ್ತು, ಅಪ್ಪ ಮಗಳು ಸುಖವಾಗಿದ್ರಂತೆ. ಕತೆ ಅಷ್ಟೇ, ಮುಗೀತು. ಕಣ್ಮುಚ್ಚು ನನ್ನ ಬಂಗಾರ.